ಕಣ್ಣಿನ ಬಣ್ಣ ಬಿಡಿ, ನೋಟದ ಮಾತಾಡೋಣ

2024ರ ಏಪ್ರಿಲ್‌ನಲ್ಲಿ ದೂರದರ್ಶನದ ಸುದ್ದಿ ಚಾನೆಲ್ಲಿನ ಗುರುತು ಕೆಂಪು ಬಣ್ಣದಿಂದ ಕೇಸರಿಗೆ ತಿರುಗಿತು. ಪತ್ರಿಕೆಗಳಲ್ಲಿ ಎಂಟು ದಿನ ಅದೇ ಮಾತು. ಮಾಡಿದ್ದು ಸರಿ ಅಂತ ಕೆಲವರು, ತಪ್ಪು ಅಂತ ಕೆಲವರು. ನಮ್ಮೂರ ಚಹಾದಂಗಡಿ ಕಟ್ಟೆಯ ಮೇಲೂ ಎರಡು ಪಾರ್ಟಿ ಆದವು. ನಾನು ಕೇಳಿದ್ದು ಒಂದೇ ಮಾತು: "ಬಣ್ಣ ಯಾವುದಾದರೂ ಇರ್ಲಿ. ಹೋದ ಹಿಂಗಾರಿಯೊಳಗ ಆ ಟಿವಿಯಿಂದ ನಿಮ್ಮ ಹೊಲಕ್ಕ ಬಂದ ಒಂದು ಉಪಯೋಗದ ಮಾತು ಹೇಳ್ರಿ." ಯಾರೂ ಹೇಳಲಿಲ್ಲ. ಚಹಾ ಕುಡಿದು ಎದ್ದು ಹೋದರು.

ಸರಕಾರಿ ಟಿವಿ ನಮ್ಮ ದುಡ್ಡಿನಿಂದ ನಡೆಯುವಂಥದ್ದು. ಅದರ ಗುರುತು ಹೇಗಿರಬೇಕು ಅಂತ ಜಗಳಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಅದು ಯಾರ ಕಡೆ ನೋಡುತ್ತದೆ ಅಂತ ಕೇಳುವವರು ಕಡಿಮೆ. ನಾನು ಏಳನೇ ಇಯತ್ತೆ ತನಕ ಓದಿದವ, ಎರಿ ಹೊಲದಲ್ಲಿ ತೊಗರಿ, ಜೋಳ, ಕಡಲಿ ಬೆಳೆಯುವವ. ಟಿವಿ ಶಾಸ್ತ್ರ ನನಗೆ ಗೊತ್ತಿಲ್ಲ. ಆದರೆ ನಮ್ಮ ಒಣಬೇಸಾಯದ ಸೀಮೆಗೂ ಈ ಟಿವಿಗೂ ಹಳೇ ನಂಟು ಇದೆ. ಅದನ್ನು ನಮ್ಮ ಹುಡುಗರು ತಿಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೆಸರು ಬಂದ ದಾರಿ, ಕಣ್ಣು ಬಂದ ದಾರಿ

ನಮ್ಮ ದೇಶದಲ್ಲಿ ಟಿವಿ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ದಿಲ್ಲಿಯಲ್ಲಿ, ಪ್ರಯೋಗ ಅಂತ. ದಿನವೂ ಪ್ರಸಾರ ಅಂತ ಆದದ್ದು 1965ರಲ್ಲಿ. ಆಗ ಅದಕ್ಕೆ ಬೇರೆ ಮನೆ ಇರಲಿಲ್ಲ, ಆಕಾಶವಾಣಿಯ ಒಂದು ಕೋಣೆಯೊಳಗೆ ಇದ್ದಂತೆ ಇತ್ತು. ಆಕಾಶವಾಣಿ ಎಂಬ ಹೆಸರು ನಮ್ಮದೇ ಕೊಡುಗೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಪ್ರಾಧ್ಯಾಪಕರು ನಡೆಸಿದ ಸಣ್ಣ ರೇಡಿಯೋ ಕೇಂದ್ರದ ಹೆಸರು ಅದು. ಮುಂದೆ ಇಡೀ ದೇಶದ ರೇಡಿಯೋಕ್ಕೆ ಅದೇ ಹೆಸರಾಯಿತು. ಒಂದು ಒಳ್ಳೇ ಹೆಸರು ಯಾವ ಮೂಲೆಯಿಂದಲೂ ಬರಬಹುದು ಅನ್ನುವುದಕ್ಕೆ ಹೇಳಿದೆ.

1976ರ ಏಪ್ರಿಲ್ 1ರಂದು ಟಿವಿ ಆಕಾಶವಾಣಿಯಿಂದ ಪಾಲಾಗಿ ದೂರದರ್ಶನ ಎಂಬ ಬೇರೆ ಸಂಸ್ಥೆಯಾಯಿತು. ಆವಾಗಲೇ ಆ ಕಣ್ಣಿನ ಗುರುತು ಬಂದದ್ದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಓದುತ್ತಿದ್ದ ದೇಬಾಶಿಸ್ ಭಟ್ಟಾಚಾರ್ಯ ಎಂಬ ವಿದ್ಯಾರ್ಥಿ ಬರೆದ ಚಿತ್ರ. ನಡುವೆ ಒಂದು ಗುಂಡು, ಅದರ ಸುತ್ತ ಎರಡು ಬಾಗಿದ ಗೆರೆ. ಅದರ ಹಿಂದೆ ಬರುತ್ತಿದ್ದ ಸಂಗೀತ ಪಂಡಿತ್ ರವಿಶಂಕರ್ ಅವರದ್ದು, ಶಹನಾಯಿ ಉಸ್ತಾದ್ ಅಲಿ ಅಹ್ಮದ್ ಹುಸೇನ್ ಖಾನರದ್ದು. 'ಸತ್ಯಂ ಶಿವಂ ಸುಂದರಂ' ಎಂಬ ಮಾತು ಕೆಳಗೆ. ಆ ಗೆರೆಗಳು ಸುತ್ತುತ್ತ ಸುತ್ತುತ್ತ ಕಣ್ಣಾಗುವುದನ್ನು ನೋಡಲಿಕ್ಕೇ ನಮ್ಮ ಕಾಲದ ಹುಡುಗರು ಟಿವಿ ಮುಂದೆ ಹೋಗಿ ಮೊದಲೇ ಕೂಡುತ್ತಿದ್ದೆವು. 2017ರಲ್ಲಿ ಹೊಸ ಗುರುತು ಮಾಡಿಕೊಡಿ, ಒಂದು ಲಕ್ಷ ರೂಪಾಯಿ ಬಹುಮಾನ ಅಂತ ಸಾರ್ವಜನಿಕರನ್ನು ಕೇಳಿದರು. ಕಡೆಗೂ ಕಣ್ಣು ಕಣ್ಣಾಗಿಯೇ ಉಳಿಯಿತು. ಒಳ್ಳೇದಾಯಿತು.

ಬೆಂಗಳೂರಿಗಿಂತ ಮೊದಲು ನಮಗೆ

ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ಎಲ್ಲಿ ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಬೆಂಗಳೂರು ಅಂತಾರೆ. ಅಲ್ಲ. ಮೊದಲು ಬಂದದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಬರಗಾಲದ ಸೀಮೆಗೆ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, 'ಸೈಟ್' ಎಂಬ ಪ್ರಯೋಗ ನಡೆಯಿತು. ಉಪಗ್ರಹದ ಮೂಲಕ ಹಳ್ಳಿಗೆ ಪಾಠ ಹೇಳುವ ಯೋಜನೆ. ವಿಕ್ರಂ ಸಾರಾಭಾಯಿ ಅವರ ಕನಸು ಅದು. ಅಮೆರಿಕದ ನಾಸಾ ಜೊತೆ 1969ರಲ್ಲಿ ಒಪ್ಪಂದ ಆಯಿತು. 1971ರಲ್ಲಿ ಅವರು ತೀರಿಕೊಂಡರು, ಕೆಲಸ ಮಾತ್ರ ನಿಲ್ಲಲಿಲ್ಲ. ಅಮೆರಿಕದವರು ತಮ್ಮ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮಗೆ ಕೊಟ್ಟರು. ಆಂಧ್ರ, ಬಿಹಾರ, ಕರ್ನಾಟಕ, ಮಧ್ಯಪ್ರದೇಶ, ಒಡಿಶಾ, ರಾಜಸ್ಥಾನ ಹೀಗೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಬಂತು. ಹಿಂದುಳಿದ ಜಿಲ್ಲೆ ಯಾವುದು ಅಂತ ಹುಡುಕಿ ಆರಿಸಿದ್ದರು. ಅದರಲ್ಲಿ ನಮ್ಮ ಮೂರು ಜಿಲ್ಲೆ.

ನನಗಾಗ ಐದು ವರ್ಷ. ನೆನಪಿಗಿಂತ ಹಿರಿಯರಿಂದ ಕೇಳಿದ್ದೇ ಹೆಚ್ಚು. ಕೋಳಿಗೂಡಿಗೆ ಹೊಡೆಯುವಂಥ ತಂತಿ ಜಾಲರಿಯ ಹತ್ತಡಿ ಅಗಲದ ಛತ್ರಿ, ಸಾಲಿ ಗುಡಿಯ ಮುಂದೆ ಒಂದು ಡಬ್ಬಿ. ಕರೆಂಟು ಇಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿ ಮೇಲೆ ನಡೆಯಿತು. ಮುಂಜಾನೆ ಒಂದೂವರೆ ತಾಸು ಸಾಲಿ ಹುಡುಗರಿಗೆ, ಸಂಜೆ ಎರಡೂವರೆ ತಾಸು ದೊಡ್ಡವರಿಗೆ. ಸಂಜೆಯದರಲ್ಲಿ ಅರ್ಧ ತಾಸು ಎಲ್ಲ ರಾಜ್ಯಕ್ಕೂ ಒಂದೇ ಹಿಂದಿ ಕಾರ್ಯಕ್ರಮ. ಉಳಿದದ್ದು ಅವರವರ ಭಾಷೆಯಲ್ಲಿ, ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು, ಆಟ. ಕನ್ನಡ ಮತ್ತು ತೆಲುಗಿನ ಕಾರ್ಯಕ್ರಮ ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ನಮ್ಮ ಅಪ್ಪ ಹೇಳುತ್ತಿದ್ದ ಮಾತು: "ದಿಲ್ಲಿಯ ರಾಜಕೀಯ ನಮಗ ಅರ್ಥ ಆಗಲಿಲ್ಲ. ಆದರ ನಮ್ಮಂಥಾ ಹೊಲ, ನಮ್ಮಂಥಾ ಎತ್ತು ಅದರೊಳಗ ಕಂಡಾಗ ಊರಿಗೂರೇ ಸುಮ್ಮ ಕುಂತು ನೋಡತಿತ್ತು." ವರ್ಷ ಮುಗಿಯಿತು, ಅಮೆರಿಕದವರು ಉಪಗ್ರಹ ವಾಪಸ್ ಸರಿಸಿಕೊಂಡರು.

ಶುರು ಮಾಡಿದ್ದನ್ನು ಪೂರಾ ಬಿಡಬಾರದು ಅಂತ ಆರು ಕಡೆ ನೆಲದ ಮೇಲಿನ ಪ್ರಸಾರ ಕೇಂದ್ರ ಹಾಕಿದರು. ಜೈಪುರ, ರಾಯಪುರ, ಮುಜಫ್ಫರಪುರ, ಸಂಬಲಪುರ, ಹೈದರಾಬಾದ್ ಮತ್ತು ನಮ್ಮ ಗುಲ್ಬರ್ಗ. ಗುಲ್ಬರ್ಗದ ಕೇಂದ್ರ 1977ರಲ್ಲಿ ಆಯಿತು. ಬೆಂಗಳೂರಿನದು 1981ರಲ್ಲಿ. ರಾಜಧಾನಿಗಿಂತ ನಾಲ್ಕು ವರ್ಷ ಮೊದಲು ಕಲಬುರಗಿ ಸೀಮೆಗೆ ಒಂದು ಸರಕಾರಿ ಸೌಲಭ್ಯ ಬಂದದ್ದು ನನಗೆ ಗೊತ್ತಿದ್ದಂತೆ ಇದೊಂದೇ.

ಹಳ್ಳಿಗೆ ಟಿವಿ ಅನ್ನುವುದು ಅದಕ್ಕೂ ಹಿಂದಿನ ವಿಚಾರ. 'ಕೃಷಿ ದರ್ಶನ' ಶುರುವಾದದ್ದು 1967ರ ಜನವರಿ 26ರಂದು, ದಿಲ್ಲಿ ಸುತ್ತಲಿನ 80 ಹಳ್ಳಿಗಳಿಗೆ. ಹೊಸ ಗೋಧಿ ತಳಿ ಬರುತ್ತಿದ್ದ ಕಾಲ. ಊರಿಗೊಂದು ಟಿವಿ, ಅದರ ಮುಂದೆ ಕೂತು ನೋಡಿ, ನೋಡಿದ ಮೇಲೆ ಮಾತಾಡುವುದು. ಅಂದರೆ ನಮ್ಮ ದೇಶದಲ್ಲಿ ಸರಕಾರಿ ಟಿವಿ ಕಾಲೂರಿದ್ದೇ ರೈತನ ಹೆಸರು ಹೇಳಿ, ಸಾಲಿ ಮಕ್ಕಳ ಹೆಸರು ಹೇಳಿ. ಇದನ್ನು ಮರೆಯಬಾರದು.

ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪೀಜ್ ಎಂಬ ಹಳ್ಳಿಯಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ಹಾಕಿ 1975ರಿಂದ ಆ ಒಂದೇ ಜಿಲ್ಲೆಗೆ ಬೇಕಾದ ಕಾರ್ಯಕ್ರಮ ಮಾಡಿದರು. ಸುಮಾರು 400 ಹಳ್ಳಿಗಳಲ್ಲಿ ಊರ ಟಿವಿ. ಹಾಲಿನ ಸೊಸೈಟಿ, ಕೂಲಿ, ಜಾತಿ ಜಗಳ, ಸಾಲ ಎಲ್ಲವೂ ಅದರಲ್ಲಿ ಬಂತು, ಹಳ್ಳಿಯವರೇ ಮಾತಾಡಿದರು. 1984ರಲ್ಲಿ ಅದಕ್ಕೆ ಯುನೆಸ್ಕೋದ ಪ್ರಶಸ್ತಿ ಸಿಕ್ಕಿತು. ಪ್ರಶಸ್ತಿ ಬಂದ ಮೇಲೆ ಅದನ್ನು ಹತ್ತು ಕಡೆ ಮಾಡಬೇಕಿತ್ತು. ಮಾಡಲಿಲ್ಲ. ಪೀಜ್ ಕೇಂದ್ರವೇ ಮುಂದೆ ಉಳಿಯಲಿಲ್ಲ.

ಟವರು ಹೆಚ್ಚಾದವು, ಮಾತು ದೂರಾಯಿತು

1982 ದೊಡ್ಡ ತಿರುವು. ಆ ಆಗಸ್ಟ್ 15ರಿಂದ ದಿಲ್ಲಿಯ ರಾಷ್ಟ್ರೀಯ ಕಾರ್ಯಕ್ರಮ ಎಲ್ಲ ಕೇಂದ್ರಗಳಿಂದ ಬರಲು ಶುರುವಾಯಿತು. ಅದೇ ವರ್ಷ ಬಣ್ಣ ಬಂತು, ನವೆಂಬರ್‌ನಲ್ಲಿ ಏಷ್ಯಾಡ್ ಆಟ ಬಂತು. 1984ರಲ್ಲಂತೂ ಕೆಲವು ತಿಂಗಳು ದಿನಕ್ಕೊಂದು ಟವರು ಎಂಬಂತೆ ದೇಶದ ತುಂಬ ಎಬ್ಬಿಸಿದರು. ಕೇಳಲು ಚಂದ. ಆದರೆ ಆ ಸಣ್ಣ ಟವರುಗಳಲ್ಲಿ ಸ್ಟುಡಿಯೋ ಇರಲಿಲ್ಲ, ಕ್ಯಾಮರಾ ಇರಲಿಲ್ಲ. ದಿಲ್ಲಿಯದನ್ನು ಹಿಡಿದು ನಮಗೆ ದಾಟಿಸುವುದಷ್ಟೇ ಅವುಗಳ ಕೆಲಸ. ಕಾಲುವೆ ನಮ್ಮ ಹೊಲದ ತನಕ ಬಂತು, ತೂಬಿನ ಕೀಲಿ ದಿಲ್ಲಿಯಲ್ಲೇ ಉಳಿಯಿತು.

ಅದೇ 1984ರ ಜುಲೈಯಲ್ಲಿ 'ಹಮ್ ಲೋಗ್' ಶುರು. ಕುಟುಂಬ ಯೋಜನೆ ಹೇಳಬೇಕು ಅಂತ ಹೊರಟ ಧಾರಾವಾಹಿ ಅದು. ಅದಕ್ಕೆ ದುಡ್ಡು ಕೊಟ್ಟದ್ದು ಮ್ಯಾಗಿಯವರು. ನೋಡುವ ಮಂದಿ ಇದ್ದಾರೆ ಅಂತ ಗೊತ್ತಾದ ಮೇಲೆ ಕಂಪನಿಗಳು ಸಾಲು ಹಚ್ಚಿದವು. 1987ರ ಜನವರಿಯಿಂದ ರಾಮಾಯಣ, 1988ರಿಂದ ಮಹಾಭಾರತ. ಭಾನುವಾರ ಮುಂಜಾನೆ ಎತ್ತು ಹೂಡುವವರೂ ಒಂದು ತಾಸು ತಡ ಮಾಡುತ್ತಿದ್ದರು. ನಾನು ಅದನ್ನು ಕೆಟ್ಟದ್ದು ಅನ್ನುವುದಿಲ್ಲ. ದಣಿದ ಮಂದಿಗೆ ಕಥೆ ಬೇಕು. ನಮ್ಮ ಶಂಕರನಾಗ್ ಆಗುಂಬೆಯಲ್ಲಿ ಮಾಡಿದ 'ಮಾಲ್ಗುಡಿ ಡೇಸ್' ಸಹ ಇದೇ ಟಿವಿ ಕೊಟ್ಟದ್ದು. 2020ರ ಲಾಕ್‌ಡೌನಿನಲ್ಲಿ ರಾಮಾಯಣ ಮತ್ತೆ ಹಾಕಿದಾಗ ಮೊಮ್ಮಕ್ಕಳ ಜೊತೆ ಕೂತು ಮುದುಕರು ನೋಡಿದರು. ನನ್ನ ತಕರಾರು ಬೇರೆ. ಕಥೆಗೆ ಹೊತ್ತು ಸಿಕ್ಕಿತು, ಜಾಹೀರಾತಿಗೆ ಹೊತ್ತು ಸಿಕ್ಕಿತು, ಯಾರಿಗಾಗಿ ಈ ಟಿವಿ ಅಂತ ಶುರು ಮಾಡಿದ್ದರೋ ಅವರ ಹೊತ್ತು ಮಾತ್ರ ಸಂಜೆಯ ಒಂದು ಮೂಲೆಗೆ ಸರಿಯಿತು.

ಇದನ್ನು ದೊಡ್ಡವರೂ ಹೇಳಿದ್ದರು. ಪಿ.ಸಿ. ಜೋಶಿ ಅವರ ಸಮಿತಿಯನ್ನು ಸರಕಾರವೇ ಮಾಡಿತ್ತು. ಟಿವಿಗೆ ಭಾರತದ್ದೇ ಒಂದು ವ್ಯಕ್ತಿತ್ವ ಇರಬೇಕು, ಊರುಕೇರಿಯ ಜನರ ಹತ್ತಿರ ಹೋಗಬೇಕು, ಪೇಟೆಯ ಆಸೆ ಹಚ್ಚುವ ಯಂತ್ರ ಆಗಬಾರದು ಅಂತ ಅವರ ವರದಿಯ ಸಾರ. ವರದಿ ಬಂತು, ಕಪಾಟಿಗೆ ಹೋಯಿತು.

ತೊಂಬತ್ತರ ದಶಕದಲ್ಲಿ ಕೇಬಲ್ ಬಂತು. ದೂರದರ್ಶನ ಪೈಪೋಟಿಗೆ ಬಿದ್ದು ಮೆಟ್ರೋ ಅಂತ ಚಾನೆಲ್ ಮಾಡಿತು. ಭಾಷೆಗೊಂದು ಚಾನೆಲ್ ಸಹ ಆಯಿತು. ನಮ್ಮದಕ್ಕೆ ಮೊದಲು ಡಿಡಿ-9 ಅಂತ ನಂಬರಿನ ಹೆಸರು, ಆಮೇಲೆ 'ಚಂದನ' ಅಂತ ಚೆಂದದ ಹೆಸರು. 1990ರಲ್ಲಿ ಆದ ಪ್ರಸಾರ ಭಾರತಿ ಕಾಯ್ದೆ 1997ರಲ್ಲಿ ಜಾರಿಗೆ ಬಂತು. ಸರಕಾರದ ಇಲಾಖೆಯಾಗಿದ್ದ ಟಿವಿ, ರೇಡಿಯೋ ಸ್ವಂತ ಸಂಸ್ಥೆ ಆದವು, ಕಾಗದದ ಮೇಲಾದರೂ. ಚಂದನದಲ್ಲಿ ಒಳ್ಳೇದು ಇಲ್ಲವೆಂದಲ್ಲ. 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸುತ್ತ ಬಂದ 'ಥಟ್ ಅಂತ ಹೇಳಿ' ನೋಡಿರಿ. ಕುಣಿತ ಇಲ್ಲ, ಕಿರುಚಾಟ ಇಲ್ಲ, ಬಹುಮಾನ ಅಂದರೆ ಪುಸ್ತಕ. ನಮ್ಮ ಸಾಲಿ ಹುಡುಗರು ಅದನ್ನು ಬಿಡದೆ ನೋಡಿದ್ದಾರೆ. ಖರ್ಚು ಕಡಿಮೆ ಇದ್ದರೂ ಜನ ನೋಡುತ್ತಾರೆ, ಮಾಡುವವರಿಗೆ ನಿಷ್ಠೆ ಇರಬೇಕು ಅಷ್ಟೇ.

ಒಂದು ಸಲ ಸರಿ ದಾರಿಗೆ ಬಂದಿದ್ದರು

2004-05ರಲ್ಲಿ ಕೇಂದ್ರದ ಕೃಷಿ ಇಲಾಖೆ ದೂರದರ್ಶನದ ಜೊತೆ ಒಂದು ಯೋಜನೆ ಮಾಡಿತು. ದೇಶದ 180 ಸಣ್ಣ ಟವರುಗಳಿಂದ ಆಯಾ ಸೀಮೆಗೆ ಮಾತ್ರ ಬೇಕಾದ ಕೃಷಿ ಕಾರ್ಯಕ್ರಮ ಬಿತ್ತರಿಸುವುದು. ಕಾಫಿಯವರಿಗೆ ಕಾಫಿಯದು, ತೊಗರಿಯವರಿಗೆ ತೊಗರಿಯದು. ದಿಲ್ಲಿಯದನ್ನು ದಾಟಿಸಲು ಕಟ್ಟಿದ ಟವರಿಗೆ ಮೊದಲ ಸಲ ಸ್ವಂತ ಬಾಯಿ ಬಂತು. ವಿಚಾರ ಬಹಳ ಸರಿ ಇತ್ತು.

2015ರ ಮೇ 26ರಂದು 'ಡಿಡಿ ಕಿಸಾನ್' ಎಂಬ ಇಡೀ ದಿನದ ರೈತರ ಚಾನೆಲ್ ಬಂತು. ರೈತರಿಗೆ 24 ತಾಸು ಅಂತ ಕೇಳಿ ಸಂತೋಷವಾಯಿತು. ಹಚ್ಚಿ ನೋಡಿದರೆ ಹೆಚ್ಚಿನದು ಹಿಂದಿ, ಹೆಚ್ಚಿನದು ಉತ್ತರದ ಬೆಳೆ. ಅಲ್ಲಿ ಗೋಧಿಗೆ ನೀರು ಬಿಡುವ ಮಾತು ಬರುವಾಗ ಇಲ್ಲಿ ನಮ್ಮ ಜೋಳ ಇಬ್ಬನಿ ಕುಡಿದು ಬದುಕುತ್ತಿರುತ್ತದೆ. 2024ರ ಮೇ 26ರಂದು ಅದೇ ಚಾನೆಲ್ಲಿಗೆ 'ಕೃಷ್', 'ಭೂಮಿ' ಅಂತ ಇಬ್ಬರು ನಿರೂಪಕರು ಬಂದರು. ಮನುಷ್ಯರಲ್ಲ, ಕಂಪ್ಯೂಟರ್ ಮಾಡಿದ ಗೊಂಬೆಗಳು. ಐವತ್ತು ಭಾಷೆ ಮಾತಾಡಬಲ್ಲವಂತೆ. ಆಗಲಿ. ಆದರೆ ಭಾಷೆ ಅಂದರೆ ಬರೀ ಶಬ್ದವೇ? 'ಹದ' ಅನ್ನುವ ಮಾತು ಯಾವ ಗೊಂಬೆಗಾದರೂ ಹೇಳಿಕೊಡಬಹುದು. ಎರಿ ಮಣ್ಣು ಯಾವಾಗ ಹದಕ್ಕೆ ಬಂತು ಅಂತ ಕಾಲಿನಿಂದ ತುಳಿದವನೇ ಹೇಳಬೇಕು.

ಇನ್ನು ಟವರುಗಳ ಕಥೆ. ಹಳೇ ನಮೂನೆಯ ಟ್ರಾನ್ಸ್‌ಮಿಟರ್ ಈಗ ಉಪಯೋಗವಿಲ್ಲ ಅಂತ ಪ್ರಸಾರ ಭಾರತಿ ಹಂತಹಂತವಾಗಿ ಅವನ್ನು ಮುಚ್ಚುತ್ತ ಬಂದು, ಗಡಿಯಂಥ ಕೆಲವು ಮುಖ್ಯ ಜಾಗ ಬಿಟ್ಟು ಉಳಿದದ್ದನ್ನೆಲ್ಲ 2022ರ ಮಾರ್ಚ್ ಹೊತ್ತಿಗೆ ಮುಗಿಸಿತು. ಕಲಬುರಗಿಯದ್ದೂ ಆ ಲೆಕ್ಕದಲ್ಲೇ ಹೋಯಿತು. ಕಲಬುರಗಿ ಕೇಂದ್ರವೇ ಮುಚ್ಚಿತು ಅಂತ 2021ರಲ್ಲಿ ಸುದ್ದಿ ಹಬ್ಬಿದಾಗ, ಇಲ್ಲ, ಅಲ್ಲಿ ತಯಾರಾದ ಕಾರ್ಯಕ್ರಮ ಚಂದನದಲ್ಲಿ ಬರುತ್ತದೆ, ಯೂಟ್ಯೂಬಿನಲ್ಲಿ ಇರುತ್ತದೆ ಅಂತ ಅವರು ಹೇಳಿದರು. ಅದನ್ನು ನಾನು ಒಪ್ಪುತ್ತೇನೆ. ಹಳೇ ಯಂತ್ರ ಇಟ್ಟುಕೊಂಡು ಕರೆಂಟು ಸುಡು ಅಂತ ಯಾರೂ ಹೇಳುವುದಿಲ್ಲ. ಮರದ ಕೂರಿಗಿ ಹೋಗಿ ಟ್ರ್ಯಾಕ್ಟರ್ ಕೂರಿಗಿ ಬಂತು. ಆದರೆ ಕೂರಿಗಿ ಬದಲಾಯಿತು ಅಂತ ಬಿತ್ತುವುದನ್ನೇ ಬಿಟ್ಟೆವೇ? ಟವರಿನ ಜೊತೆ ಆ ಸೀಮೆಗೆ ಅಂತ ಇದ್ದ ಹೊತ್ತೂ ಹೋಯಿತಲ್ಲ, ಅದಕ್ಕೆ ಬದಲಿ ಏನು?

'ಮೊಬೈಲ್ ಐತಲ್ಲ' ಅನ್ನುವವರಿಗೆ

ನಮ್ಮ ಹುಡುಗರು ಹೇಳುತ್ತಾರೆ: "ಕಾಕಾ, ಟಿವಿ ಯಾರು ನೋಡ್ತಾರ? ಎಲ್ಲಾ ಮೊಬೈಲ್‌ನ್ಯಾಗ ಐತಿ." ಹೌದು, ಇದೆ. ಒಳ್ಳೆಯ ರೈತರು ತಾವೇ ಮಾಡಿ ಹಾಕಿದ ವಿಡಿಯೋಗಳಿವೆ, ನಾನೂ ನೋಡುತ್ತೇನೆ. ಆದರೆ ಅದೇ ಸಂತೆಯಲ್ಲಿ ಮಾರುವವನೂ ಕೂತಿದ್ದಾನೆ. ನಮ್ಮ ಬಳಗದ ಹುಡುಗನೊಬ್ಬ ಮೊಬೈಲಿನಲ್ಲಿ ನೋಡಿದ ಟಾನಿಕ್ ತಂದು ತೊಗರಿಗೆ ಹೊಡೆದ. ಎಕರೆಗೆ ಸಾವಿರದ ಮೇಲೆ ಖರ್ಚು. ಹೂವೂ ಹೆಚ್ಚಲಿಲ್ಲ, ಕಾಯಿಯೂ ಹೆಚ್ಚಲಿಲ್ಲ. ವಿಚಾರಿಸಿದರೆ ವಿಡಿಯೋ ಮಾಡಿದವನೂ ಅದನ್ನು ಮಾರುವವನೂ ಒಬ್ಬನೇ. ಕೇಳೋಣ ಅಂದರೆ ಫೋನು ಎತ್ತುವುದಿಲ್ಲ. ಸರಕಾರಿ ಟಿವಿ ಸುಳ್ಳು ಹೇಳಿದರೆ ಅರ್ಜಿ ಬರೆಯಬಹುದು, ಎಂಎಲ್‌ಎ, ಎಂಪಿಗೆ ಕೇಳಬಹುದು. ಯಾಕೆಂದರೆ ಅದರಲ್ಲಿ ನಮ್ಮ ದುಡ್ಡಿದೆ. ಈ ಹೊಣೆ ಇರುವುದರಿಂದಲೇ ಅದು ಬೇಕು.

ಸರಕಾರಿ ಟಿವಿಯವರೂ ತಿದ್ದಿಕೊಳ್ಳುವುದು ಬಹಳ ಇದೆ. ಒಂದು ಮೇಜು, ಅದರ ಮೇಲೆ ಪ್ಲಾಸ್ಟಿಕ್ ಹೂವು, ಒಬ್ಬ ಸಾಹೇಬರು. "ಪ್ರತಿ ಹೆಕ್ಟೇರಿಗೆ ಇಷ್ಟು ಕಿಲೋ ಶಿಫಾರಸು ಮಾಡಲಾಗಿದೆ" ಅಂತ ಓದುತ್ತಾರೆ. ನಮ್ಮ ಲೆಕ್ಕ ಎಕರೆ, ಗುಂಟೆ. ಇಂಥದ್ದನ್ನು ರೇಡಿಯೋದಲ್ಲೇ ಹೇಳಬಹುದಿತ್ತು, ಚಿತ್ರ ಯಾಕೆ?

ಚಿತ್ರ ಯಾಕೆ ಬೇಕು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1997-98ರಲ್ಲಿ ಕಾಯಿ ಕೊರಕ ಬಿದ್ದು ಕಲಬುರಗಿ, ಬೀದರ ಕಡೆ ತೊಗರಿ ಹಾಳಾಯಿತು. ಔಷಧ ಹೊಡೆದು ಹೊಡೆದು ಸಾಲಾಯಿತು, ಹುಳ ಸಾಯಲಿಲ್ಲ, ರೈತರು ಸತ್ತರು. ಗಿಡದ ಕೆಳಗೆ ತಾಡಪತ್ರಿ ಹಾಸಿ, ಗಿಡ ಅಲ್ಲಾಡಿಸಿ, ಹುಳ ಉದುರಿಸಿ ಕೊಲ್ಲುವ ಪದ್ಧತಿ ನಮ್ಮ ಹಿರಿಯರಿಗೆ ಗೊತ್ತಿತ್ತು. ಆಮೇಲೆ ವಿಜ್ಞಾನಿಗಳೂ ಅದನ್ನೇ ಎತ್ತಿ ಹಿಡಿದರು. ಇದನ್ನು ಹತ್ತು ಪುಟ ಬರೆದರೂ ಓದಿದವನಿಗೆ ಧೈರ್ಯ ಬರುವುದಿಲ್ಲ. ಒಬ್ಬ ರೈತ, ಇಬ್ಬರು ಹೆಣ್ಣಾಳು, ಒಂದು ಸಾಲು, ಐದು ನಿಮಿಷ ತೋರಿಸಿದರೆ ಮರುದಿನವೇ ಊರು ಮಾಡುತ್ತದೆ. ಟಿವಿಯ ಶಕ್ತಿ ಇರುವುದು ಇಲ್ಲಿ. ಆದರೆ ಅದು ಹೂವು ಕಾಯಿ ಆಗುವ ವಾರದಲ್ಲೇ ಬರಬೇಕು. ರಾಶಿ ಆದ ಮೇಲೆ ಬಂದರೆ ಏನು ಫಲ?

ಏನು ಕೇಳಬೇಕು

ಬರೀ ಬೈದರೆ ಆಗುವುದಿಲ್ಲ. ನನಗೆ ತೋಚಿದ್ದನ್ನು ಮುಂದಿಡುತ್ತೇನೆ.

ಒಂದು, ಕಲಬುರಗಿ ಕೇಂದ್ರಕ್ಕೆ ಚಂದನದಲ್ಲಿ ದಿನಕ್ಕೆ ಅರ್ಧ ತಾಸು ಒಣಬೇಸಾಯಕ್ಕೆ ಅಂತ ಗೊತ್ತು ಮಾಡಿದ ಹೊತ್ತು ಕೊಡಬೇಕು. ಇದೇ ರೀತಿ ಮಲೆನಾಡಿಗೆ, ಕರಾವಳಿಗೆ, ನೀರಾವರಿ ಸೀಮೆಗೆ. ಹೊತ್ತು ಬದಲಾಗಬಾರದು. ಕ್ರಿಕೆಟ್ ಬಂತು, ಭಾಷಣ ಬಂತು ಅಂತ ತೆಗೆದು ಹಾಕಬಾರದು.

ಎರಡು, ಕ್ಯಾಮರಾ ಹೊಲಕ್ಕೆ ಬರಬೇಕು. ರೈತ ತನ್ನ ಮಾತಿನಲ್ಲಿ ಹೇಳಬೇಕು, ಖರ್ಚು ಸಹಿತ. ಗೆದ್ದವನನ್ನು ಮಾತ್ರ ತೋರಿಸಿದರೆ ಅದು ಜಾಹೀರಾತು. ಸೋತವನನ್ನೂ ಕೇಳಬೇಕು. ಹೆಣ್ಣಾಳುಗಳನ್ನು ಕೇಳಬೇಕು, ಬೀಜ ಹಸನು ಮಾಡಿ ಇಡುವವರು ಅವರೇ.

ಮೂರು, ತಿಂಗಳ ಬಾಡಿಗೆ ಇಲ್ಲದ ಸರಕಾರಿ ಡಿಶ್ 2004ರ ಡಿಸೆಂಬರಿನಲ್ಲಿ ಬಂತು, ಈಗ ಅದಕ್ಕೆ ಡಿಡಿ ಫ್ರೀ ಡಿಶ್ ಅಂತ ಹೆಸರು. ಬಡವರ ಮನೆಯ ಟಿವಿ ಅದೇ. ಅದರಲ್ಲಿನ ಜಾಗವನ್ನು ಖಾಸಗಿ ಚಾನೆಲ್ಲಿನವರಿಗೆ ಹರಾಜು ಹಾಕಿ ಪ್ರಸಾರ ಭಾರತಿ ದುಡ್ಡು ಮಾಡುತ್ತದೆ. ಆ ದುಡ್ಡಿನ ಒಂದು ಪಾಲು ಇಂಥ ಸೀಮೆವಾರು ಕಾರ್ಯಕ್ರಮಕ್ಕೆ ಹೋಗಲಿ.

ನಾಲ್ಕು, ಸೈಟ್ ಕಾಲದ, ಗುಲ್ಬರ್ಗ ಕೇಂದ್ರದ ಹಳೇ ಚಿತ್ರ ಏನು ಉಳಿದಿದೆಯೋ ಅದನ್ನು ಹುಡುಕಿ ಜನರಿಗೆ ತೋರಿಸಲಿ. ಆಗಿನ ಜೋಳದ ತಳಿ, ಎತ್ತಿನ ಬೇಸಾಯ, ಒಡ್ಡು ಹಾಕುವ ರೀತಿ ನಮ್ಮ ಮಕ್ಕಳು ನೋಡಬೇಕು. ಅದು ನಮ್ಮ ಆಸ್ತಿ.

ಇಷ್ಟು ಕೇಳಲಿಕ್ಕೆ ಹೊಸ ಟವರು ಬೇಡ, ಹೊಸ ಗುರುತು ಬೇಡ, ಗೊಂಬೆ ಬೇಡ. ಒಂದು ಕ್ಯಾಮರಾ, ಒಂದು ಜೀಪು, ಹಳ್ಳಿಯ ಮಾತು ಬಲ್ಲ ನಾಲ್ಕು ಹುಡುಗರು ಸಾಕು. ಐವತ್ತು ವರ್ಷದ ಹಿಂದೆ ಕೋಳಿ ಜಾಲರಿ ಛತ್ರಿ ಹಾಕಿ ಮಾಡಿದ್ದನ್ನು ಈಗ ಮಾಡಲು ಆಗುವುದಿಲ್ಲ ಅಂದರೆ ನಂಬಲಾಗದು.

ಓದುಗರಲ್ಲಿ ಒಂದು ವಿನಂತಿ. ಈ ವಾರ ಸಂಜೆ ಚಂದನದ ಕೃಷಿ ಕಾರ್ಯಕ್ರಮ ಎರಡು ದಿನವಾದರೂ ನೋಡಿರಿ. ನಿಮ್ಮ ಹೊಲಕ್ಕೆ ಬೇಕಾದ್ದು ಏನು ಬಂತು, ಏನು ಬರಲಿಲ್ಲ ಅಂತ ಒಂದು ಕಾರ್ಡು ಬರೆದು ಕೇಂದ್ರಕ್ಕೆ ಹಾಕಿರಿ. ಹೆಸರು, ಊರು, ಬೆಳೆ ಬರೆಯಿರಿ. ಹತ್ತು ಕಾರ್ಡು ಬಂದರೆ ಕಸದ ಬುಟ್ಟಿಗೆ ಹಾಕಬಹುದು. ತಾಲೂಕಿಗೆ ನೂರು ಬಂದರೆ ಯಾವ ಸಾಹೇಬರೂ ಓದದೆ ಇರಲಾರರು.